ಅಲರ್ಜಿ ಇರುವ ಮಗುವಿಗೆ ಯಾವ ನಾಯಿ? ಪೂಡಲ್, ಶಿಹ್ ತ್ಸು, ಮುಧೋಳ, ಜವಾರಿ

ಮಗುವಿಗೆ ಅಲರ್ಜಿ ಇದ್ದರೆ ಕೂದಲು ಉದುರಿಸದ ತಳಿಯ ನಾಯಿ ತನ್ನಿ ಎಂದು ಎಲ್ಲರೂ ಹೇಳುತ್ತಾರೆ. ನಾಯಿಮರಿ ಮಾರುವವರಂತೂ ಅದನ್ನೇ ದೊಡ್ಡ ದನಿಯಲ್ಲಿ ಹೇಳುತ್ತಾರೆ. ನಮ್ಮ ಎಂಟು ವರ್ಷದ ಮಗಳಿಗೆ ನಾಯಿ ಎಂದರೆ ಪ್ರಾಣ. ಆದರೆ ನಾಯಿ ಸಾಕಿದ ಮನೆಗೆ ಹೋಗಿ ಬಂದರೆ ಕಣ್ಣು ಕೆಂಪಾಗುತ್ತದೆ, ಮೂಗು ಸೋರುತ್ತದೆ, ಒಮ್ಮೊಮ್ಮೆ ರಾತ್ರಿ ಎದೆಯಲ್ಲಿ ಸುಯ್ಯೆನ್ನುವ ಸದ್ದು ಕೇಳುತ್ತದೆ. ಧಾರವಾಡದ ನಮ್ಮ ಮನೆಗೆ ನಾಯಿ ತರುವ ಮಾತು ಬಂದಾಗ ನಾನೂ ನನ್ನ ಪತಿಯೂ ಒಂದು ತೀರ್ಮಾನ ಮಾಡಿದೆವು. ತಳಿಯ ಹೆಸರು ನಂಬಿ ಮರಿ ತರುವುದು ಬೇಡ. ಮಗಳು ಬೇರೆ ಬೇರೆ ನಾಯಿಗಳ ಜೊತೆ ಕೆಲವು ದಿನ ಕಳೆಯಲಿ, ಅವಳ ಉಸಿರು ಏನು ಹೇಳುತ್ತದೋ ಅದನ್ನು ಕೇಳೋಣ ಎಂದು.

ಈ ದಾರಿ ಹೊಳೆದದ್ದು ಲ್ಯಾಬ್ರಡೂಡಲ್ ಎಂಬ ಮಿಶ್ರತಳಿ ಹುಟ್ಟಿದ ಕಥೆಯನ್ನು ಓದಿದಾಗ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್ ಅವರಿಗೆ ಹವಾಯಿಯ ದೃಷ್ಟಿಹೀನ ಮಹಿಳೆಯೊಬ್ಬರಿಂದ ಕೋರಿಕೆ ಬಂತು. ಅವರ ಗಂಡನಿಗೆ ನಾಯಿಯ ಅಲರ್ಜಿ. ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಮೂರು ಮರಿ ಪಡೆದರು, ಅವುಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳುಹಿಸಿದರು. ಆ ಗಂಡನಿಗೆ ಒಗ್ಗಿದ್ದು ಮೂರರಲ್ಲಿ ಒಂದೇ ಮರಿ. ಒಂದೇ ತಾಯಿಯ ಮೂರು ಮರಿಗಳಲ್ಲೇ ಇಷ್ಟು ವ್ಯತ್ಯಾಸವಿದ್ದರೆ ತಳಿಯ ಹೆಸರಿನ ಮೇಲೆ ಭರವಸೆ ಕೊಡುವುದು ಹೇಗೆ? ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು.

ಮೊದಲು ತಿಳಿಯಬೇಕಾದದ್ದು, ಅಲರ್ಜಿ ತರುವುದು ಕೂದಲಲ್ಲ. ನಾಯಿಯ ಜೊಲ್ಲು, ಚರ್ಮದ ಹೊಟ್ಟು ಮತ್ತು ಮೂತ್ರದಲ್ಲಿರುವ ಪ್ರೋಟೀನುಗಳು ಅದಕ್ಕೆ ಕಾರಣ. ಅವುಗಳಿಗೆ ಕ್ಯಾನ್ ಎಫ್ 1, ಕ್ಯಾನ್ ಎಫ್ 2 ಎಂದು ಸಾಲಾಗಿ ಹೆಸರಿಟ್ಟಿದ್ದಾರೆ. ಕೂದಲು ಅವುಗಳನ್ನು ಹೊತ್ತು ತರುವ ವಾಹನ ಮಾತ್ರ. 2011ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು 173 ಮನೆಗಳ ಧೂಳು ಸಂಗ್ರಹಿಸಿ ನೋಡಿದಾಗ, ಅಲರ್ಜಿ ತರುವುದಿಲ್ಲ ಎನ್ನಲಾಗುವ ತಳಿಗಳಿದ್ದ ಮನೆಗಳಲ್ಲೂ ಉಳಿದ ಮನೆಗಳಲ್ಲೂ ಕ್ಯಾನ್ ಎಫ್ 1 ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಮರುವರ್ಷ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ ಇನ್ನೂ ಅಚ್ಚರಿಯ ಸಂಗತಿ ಹೊರಬಿತ್ತು: ಅಂಥ ತಳಿಗಳ ಮೈಕೂದಲಲ್ಲಿ ಆ ಪ್ರೋಟೀನು ಇತರ ನಾಯಿಗಳಿಗಿಂತ ಹೆಚ್ಚೇ ಇತ್ತು.

ನಮ್ಮ ಪರೀಕ್ಷೆಯ ಕ್ರಮವನ್ನು ಮಕ್ಕಳ ವೈದ್ಯರ ಒಪ್ಪಿಗೆಯಿಂದಲೇ ಹಾಕಿಕೊಂಡೆವು. ತೀವ್ರ ಅಸ್ತಮಾ ಇರುವ ಮಕ್ಕಳ ಮೇಲೆ ಇಂಥದ್ದನ್ನು ತಂದೆ ತಾಯಿ ತಾವಾಗಿ ಮಾಡಲೇಬಾರದು. ಮಗಳ ಬಳಿ ಯಾವಾಗಲೂ ಇನ್‌ಹೇಲರ್ ಇರುತ್ತಿತ್ತು. ಬೆಳಿಗ್ಗೆ, ಸಂಜೆ, ಉಸಿರು ಹೊರಬರುವ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್‌ನಲ್ಲಿ ಊದಿಸಿ ಅಂಕಿ ಬರೆಯುತ್ತಿದ್ದೆವು. ಅವಳ ಅತ್ಯುತ್ತಮ ಅಂಕಿಯ ಶೇಕಡಾ 80ಕ್ಕಿಂತ ಕೆಳಗಿಳಿದರೆ ಆ ನಾಯಿಯ ಮನೆಯಿಂದ ಕೂಡಲೇ ಹೊರಡಬೇಕು ಎಂಬುದು ನಿಯಮ. ಅಲರ್ಜಿಯ ಮಾತ್ರೆಯನ್ನು ಆ ದಿನಗಳಲ್ಲಿ ವೈದ್ಯರೇ ನಿಲ್ಲಿಸಿದ್ದರು, ಇಲ್ಲವಾದರೆ ಲಕ್ಷಣಗಳು ಅದರ ಮರೆಯಲ್ಲಿ ಅಡಗಿಬಿಡುತ್ತವೆ. ಒಂದು ನಾಯಿಗೂ ಮುಂದಿನ ನಾಯಿಗೂ ನಡುವೆ ಸಾಕಷ್ಟು ವಾರ ಬಿಟ್ಟೆವು. ನಾಯಿಗಳೆಲ್ಲ ಬೆಳೆದವೇ. ಮರಿಯ ಮೈಕೂದಲು ಮುಂದೆ ಬದಲಾಗುವುದರಿಂದ ಮರಿಯ ಜೊತೆ ಪಡೆದ ಫಲಿತಾಂಶವನ್ನು ನಂಬುವಂತಿಲ್ಲ.

ಮೊದಲನೆಯದು ಬೆಂಗಳೂರಿನಲ್ಲಿರುವ ನನ್ನ ತಂಗಿಯ ಟಾಯ್ ಪೂಡಲ್. ನಾಲ್ಕು ವರ್ಷದ ಗಂಡು, ಸಂತಾನಹರಣ ಆಗಿಲ್ಲ. ಕೂದಲಿನ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಕಪ್ಪು ಬಟ್ಟೆ ಹಾಕಿಕೊಂಡು ತೊಡೆಯ ಮೇಲೆ ಕೂರಿಸಿಕೊಂಡರೂ ಒಂದೆಳೆ ಅಂಟುವುದಿಲ್ಲ. ಪೂಡಲ್ ಕೂದಲು ಮನುಷ್ಯರ ಕೂದಲಿನ ಹಾಗೆ ಬಹುಕಾಲ ಬೆಳೆಯುತ್ತಲೇ ಇರುತ್ತದೆ, ಸತ್ತ ಎಳೆಗಳು ಗುಂಗುರಿನಲ್ಲೇ ಸಿಕ್ಕಿಕೊಂಡು ಉಳಿಯುತ್ತವೆ. ಅದೇ ಕಾರಣಕ್ಕೆ ಹೊಟ್ಟು, ಜೊಲ್ಲು ಕೂಡ ಅಲ್ಲೇ ಉಳಿಯುತ್ತವೆ. ಮೊದಲೆರಡು ದಿನ ಮಗಳು ಆರಾಮವಾಗಿದ್ದಳು. ಆಮೇಲೆ ಸೀನು ಶುರುವಾಯಿತು, ನಾಯಿ ನೆಕ್ಕಿರದಿದ್ದರೂ ತೋಳಿನ ಮೇಲೆ ದದ್ದುಗಳು ಎದ್ದವು, ಪೀಕ್ ಫ್ಲೋ ಅಂಕಿ ನಮ್ಮ ಗೆರೆಯ ಸಮೀಪಕ್ಕೆ ಇಳಿಯಿತು. ನಾವು ಹೊರಟು ಬಂದೆವು. ನನ್ನ ತಂಗಿಗೆ ತುಂಬ ನೋವಾಯಿತು. "ಅಕ್ಕಾ, ಇದು ಕೂದಲೇ ಉದುರಿಸುವುದಿಲ್ಲವಲ್ಲ" ಎಂದು ಮತ್ತೆ ಮತ್ತೆ ಹೇಳಿದಳು.

ಎರಡನೆಯದು ನಮ್ಮ ಬೀದಿಯ ಕೊನೆಯ ಮನೆಯ ಶಿಹ್ ತ್ಸು, ಹೆಣ್ಣು. ರಜೆಯಲ್ಲಿ ಆ ಮನೆಯವರು ಊರಿಗೆ ಹೋದಾಗ ನಮ್ಮ ಹೊರಕೋಣೆಯಲ್ಲಿ ಇಟ್ಟುಕೊಂಡೆವು. ಕೂದಲು ಪೂಡಲ್‌ಗಿಂತ ಸ್ವಲ್ಪ ಹೆಚ್ಚು ಉದುರಿತು. ಮಗಳಿಗೆ ಮೂಗು ತುಸು ಕಟ್ಟಿತೇ ಹೊರತು ಬೇರೇನೂ ಆಗಲಿಲ್ಲ. ಆದರೆ ಆರೋಗ್ಯದ ಅಂಕಿಯಲ್ಲಿ ಗೆದ್ದ ಈ ನಾಯಿ ನನ್ನ ಪಟ್ಟಿಯಲ್ಲಿ ಸೋತಿತು. ದಿನವೂ ಬಾಚದಿದ್ದರೆ ಕೂದಲು ಜಡೆಗಟ್ಟುತ್ತದೆ, ಜಡೆಯ ಕೆಳಗಿನ ಚರ್ಮ ಹುಣ್ಣಾಗುತ್ತದೆ. ಕಣ್ಣಿನ ಕೆಳಗಿನ ಒದ್ದೆಯನ್ನು ಒರೆಸುತ್ತಲೇ ಇರಬೇಕು. ಚಪ್ಪಟೆ ಮೂಗಿನ ಈ ಜೀವಕ್ಕೆ ಸೆಕೆ ತಡೆಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಅದು ನೆಲಕ್ಕೆ ಹೊಟ್ಟೆ ಒತ್ತಿ ಏದುಸಿರು ಬಿಡುತ್ತಿದ್ದುದನ್ನು ನೋಡಿ ನನಗೆ ಸಂಕಟವಾಯಿತು. ಮಗುವಿನ ಉಸಿರಿಗಾಗಿ ನಾಯಿ ಹುಡುಕುವವರು ನಾಯಿಯ ಉಸಿರನ್ನೂ ನೋಡಬೇಕು.

ಈ ಎರಡು ಅನುಭವಗಳಿಂದ ನಮಗೇನೂ ಸ್ಪಷ್ಟವಾಗಲಿಲ್ಲ. ಸ್ಪಷ್ಟವಾದದ್ದು ಮುಧೋಳದಲ್ಲಿ.

ನನ್ನ ಪತಿಯ ಸೋದರಮಾವ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆಯವರು. ಅವರಲ್ಲಿ ಎರಡು ಮುಧೋಳ ನಾಯಿಗಳಿವೆ, ತೋಟದ ಮನೆಯಲ್ಲಿ ಗಂಡು, ಊರ ಮನೆಯಲ್ಲಿ ಹೆಣ್ಣು. ಈ ನಾಯಿಯ ಕೂದಲು ಮೈಗೆ ಅಂಟಿದಂತೆ ಗಿಡ್ಡ, ನಯ. ಉದುರುವುದಿಲ್ಲ ಎಂದಲ್ಲ, ಉದುರುತ್ತದೆ. ಆದರೆ ಕಡಿಮೆ, ಮತ್ತು ಒದ್ದೆ ಬಟ್ಟೆಯಿಂದ ಒಮ್ಮೆ ಮೈ ಒರೆಸಿದರೆ ಬಹುಪಾಲು ಬಂದುಬಿಡುತ್ತದೆ. ನಾವು ಮೊದಲು ಉಳಿದದ್ದು ತೋಟದ ಮನೆಯಲ್ಲಿ. ಗಂಡು ನಾಯಿ ರಾತ್ರಿ ಒಳಗೇ ಮಲಗುತ್ತಿತ್ತು. ಎರಡನೆಯ ಬೆಳಿಗ್ಗೆಗೇ ಮಗಳ ಕಣ್ಣು ಊದಿಕೊಂಡಿತು, ಪೂಡಲ್ ಮನೆಯಲ್ಲಿ ಆದದ್ದೇ ಇಲ್ಲೂ ಆಯಿತು. ಮುಂದಿನ ರಜೆಯಲ್ಲಿ ಊರ ಮನೆಯಲ್ಲಿ ಉಳಿದೆವು. ಹೆಣ್ಣು ನಾಯಿ ಮಗಳ ಮಗ್ಗುಲಲ್ಲೇ ಕೂತಿರುತ್ತಿತ್ತು, ಕೈ ನೆಕ್ಕುತ್ತಿತ್ತು. ಅಂಕಿ ಇಳಿಯಲಿಲ್ಲ. ಕಣ್ಣು ಕೆಂಪಾಗಲಿಲ್ಲ. ಅದೇ ತಳಿ, ಅದೇ ಊರು, ಅದೇ ಗಿಡ್ಡ ಕೂದಲು; ಫಲಿತಾಂಶ ಮಾತ್ರ ಬೇರೆ.

ನನ್ನ ಟಿಪ್ಪಣಿ ಪುಸ್ತಕವನ್ನು ಅಲರ್ಜಿ ತಜ್ಞರ ಮುಂದೆ ಇಟ್ಟೆ. ಅವರು ಓದಿ, "ತೊಂದರೆ ಕೊಟ್ಟ ಎರಡೂ ಗಂಡು ನಾಯಿಗಳೇ ಅಲ್ಲವೇ?" ಎಂದು ಕೇಳಿದರು. ಆ ಪ್ರಶ್ನೆ ನಮಗೆ ಹೊಳೆದಿರಲೇ ಇಲ್ಲ. ಚರ್ಮಕ್ಕೆ ಚುಚ್ಚಿ ಮಾಡುವ ಸಾಮಾನ್ಯ ಪರೀಕ್ಷೆ ನಾಯಿಗೆ ಅಲರ್ಜಿ ಇದೆ ಎಂದಷ್ಟೇ ಹೇಳುತ್ತದೆ. ಯಾವ ಪ್ರೋಟೀನಿಗೆ ಎಂದು ತಿಳಿಯಲು ಬೇರೆ ರಕ್ತಪರೀಕ್ಷೆ ಇದೆ, ಅದರ ವೆಚ್ಚ ಹೆಚ್ಚು. ಮಾಡಿಸಿದೆವು. ವರದಿಯಲ್ಲಿ ಕ್ಯಾನ್ ಎಫ್ 1ಕ್ಕೆ ಮಗಳ ರಕ್ತದ ಪ್ರತಿಕ್ರಿಯೆ ಇಲ್ಲವೆನ್ನುವಷ್ಟು ಕಡಿಮೆ, ಕ್ಯಾನ್ ಎಫ್ 5ಕ್ಕೆ ಮಾತ್ರ ಎತ್ತರದಲ್ಲಿತ್ತು. ಈ ಕ್ಯಾನ್ ಎಫ್ 5 ಹುಟ್ಟುವುದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ. ಮೂತ್ರದ ಜೊತೆ ಹೊರಬಂದು ಮೈಕೂದಲಿಗೆ, ಹಾಸಿಗೆಗೆ ಅಂಟಿಕೊಳ್ಳುತ್ತದೆ. ಗಂಡು ಹಾರ್ಮೋನಿನ ಬಲದಿಂದ ತಯಾರಾಗುವ ವಸ್ತುವಾದ್ದರಿಂದ ಸಂತಾನಹರಣ ಮಾಡಿದ ಗಂಡಿನಲ್ಲಿ ಬಹಳ ಕಡಿಮೆಯಾಗುತ್ತದೆ. ನಾಯಿಯ ಅಲರ್ಜಿ ಇರುವವರಲ್ಲಿ ಒಂದು ಪಾಲು ಜನರಿಗೆ ಇದೊಂದಕ್ಕೇ ಅಲರ್ಜಿ. ಅಂಥವರಿಗೆ ಪೂಡಲ್ ಗಂಡಿಗಿಂತ ಕೂದಲುದುರುವ ಬೀದಿಯ ಹೆಣ್ಣು ನಾಯಿ ಒಳ್ಳೆಯದು. ಇಷ್ಟು ಮುಖ್ಯವಾದ ಸಂಗತಿಯನ್ನು ತಳಿಗಳ ಪಟ್ಟಿ ಹಿಡಿದು ಸಲಹೆ ಕೊಟ್ಟ ಒಬ್ಬರೂ ನಮಗೆ ಹೇಳಿರಲಿಲ್ಲ ಎಂಬುದು ಈಗಲೂ ನನ್ನನ್ನು ಕಾಡುತ್ತದೆ. ಎಷ್ಟು ಮನೆಗಳು ದುಬಾರಿ ಮರಿ ತಂದು, ಮಗು ಸೀನತೊಡಗಿದ ಮೇಲೆ ಅದನ್ನು ಯಾರಿಗೋ ದಾಟಿಸಿರಬಹುದು!

ವರದಿ ಬಂದ ಮೇಲೆ ಕಣದಲ್ಲಿ ಉಳಿದದ್ದು ಎರಡು: ಮುಧೋಳದ ಹೆಣ್ಣು ಮತ್ತು ಜವಾರಿ, ಅಂದರೆ ನಮ್ಮ ಬೀದಿಯ ನಾಟಿ ನಾಯಿಯ, ಹೆಣ್ಣು. ಮುಧೋಳ ನನಗೆ ಬಲು ಇಷ್ಟವಾಗಿತ್ತು. ಸೋದರಮಾವನವರೂ "ಹೆಣ್ಣನ್ನೇ ಒಯ್ಯಿರಿ ತಾಯಿ, ಮನೆಗೆ ಹೊಂದಿಕೊಳ್ಳುತ್ತದೆ" ಎಂದರು. ಮರಿ ಬೇಕೆನ್ನುವವರಿಗೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆದರೆ ಇದು ಓಡಲು ಹುಟ್ಟಿದ ಬೇಟೆನಾಯಿ. ದಿನವೂ ಬಿಚ್ಚಿ ಓಡಿಸುವ ಬಯಲು ಬೇಕು. ಬೆಕ್ಕು, ಕೋಳಿ ಕಂಡರೆ ನಿಲ್ಲುವುದಿಲ್ಲ. ನಮ್ಮ ಮನೆಗೆ ಅಂಗಳವೆಂದರೆ ಎರಡು ಮಾರು, ಅಕ್ಕಪಕ್ಕದ ಮನೆಗಳಲ್ಲಿ ಬೆಕ್ಕುಗಳು. ತೋಟ, ಹೊಲ ಇರುವವರು ಕಣ್ಣು ಮುಚ್ಚಿ ಇದನ್ನು ಆರಿಸಿಕೊಳ್ಳಬಹುದು. ಊರ ನಡುವಿನ ಸಣ್ಣ ಮನೆಗೆ ಇದನ್ನು ತಂದು ಕಟ್ಟಿಹಾಕುವುದು ನಾಯಿಗೆ ಮಾಡುವ ಅನ್ಯಾಯ.

ಜವಾರಿ ಹೆಣ್ಣು ಪರಿಚಯದ ಒಬ್ಬರ ಮನೆಯಲ್ಲಿ ತಾತ್ಕಾಲಿಕ ಆಶ್ರಯದಲ್ಲಿತ್ತು. ಮೂರು ವರ್ಷದ್ದು. ಸಂತಾನಹರಣದ ಗುರುತಾಗಿ ಕಿವಿಯ ತುದಿ ಕತ್ತರಿಸಿತ್ತು. ಮನೆಯೊಳಗಿದ್ದು ರೂಢಿಯಾಗಿತ್ತು, ಮಕ್ಕಳಿಗೆ ಹೆದರುತ್ತಿರಲಿಲ್ಲ. ನಮ್ಮಲ್ಲಿಗೆ ಕರೆತಂದು ನೋಡಿದಾಗ ಮಗಳ ಅಂಕಿಗಳು ನಾಯಿ ಇಲ್ಲದ ದಿನಗಳಂತೆಯೇ ಇದ್ದವು. ಕೂದಲು ಮಾತ್ರ ನಾವು ನೋಡಿದವುಗಳಲ್ಲೆಲ್ಲ ಹೆಚ್ಚು ಉದುರುವುದು ಇದರದ್ದೇ. ಋತು ಬದಲಾಗುವಾಗ ಗುಡಿಸಿದಷ್ಟೂ ಸಿಗುತ್ತದೆ. ಕಸದ ಮೊರದಲ್ಲಿ ಕೂದಲು ತುಂಬಿದ ದಿನವೂ ಮಗಳು ಸೀನದೆ ಶಾಲೆಗೆ ಹೋಗುವುದನ್ನು ನೋಡಿದ ಮೇಲೆ ನಮ್ಮ ಮನಸ್ಸು ಗಟ್ಟಿಯಾಯಿತು. ಈಗ ಅದು ನಮ್ಮದೇ ನಾಯಿ.

ಆರೈಕೆಯ ಹೋಲಿಕೆಯನ್ನೂ ಹೇಳಬೇಕು, ಏಕೆಂದರೆ ಅಲರ್ಜಿಯ ಮನೆಯಲ್ಲಿ ಸ್ನಾನವೇ ದೊಡ್ಡ ಕೆಲಸ. ನಾಯಿಗೆ ಸ್ನಾನ ಮಾಡಿಸಿದರೆ ಅಲರ್ಜಿಕಾರಕ ತಗ್ಗುತ್ತದೆ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ. ತಗ್ಗಿದ ಸ್ಥಿತಿ ಉಳಿಯಬೇಕಾದರೆ ವಾರಕ್ಕೆ ಎರಡು ಸಲ ತೊಳೆಯಬೇಕು. ಜವಾರಿ, ಮುಧೋಳ ನಾಯಿಗಳನ್ನು ಹತ್ತು ನಿಮಿಷದಲ್ಲಿ ತೊಳೆದು ಬಿಸಿಲಿಗೆ ಬಿಟ್ಟರೆ ಒಣಗುತ್ತವೆ. ಶಿಹ್ ತ್ಸುವಿಗೂ ಪೂಡಲ್‌ಗೂ ಡ್ರೈಯರ್ ಹಿಡಿದು ಬುಡದವರೆಗೆ ಒಣಗಿಸಬೇಕು, ಮಳೆಗಾಲದಲ್ಲಿ ಅದು ಅರ್ಧ ದಿನದ ಕೆಲಸ. ಪೂಡಲ್‌ಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಕತ್ತರಿ ಹಾಕಿಸುವ ಖರ್ಚು ಬೇರೆ. ಶಾಂಪೂ ಮಾತ್ರ ನಾಯಿಗಳಿಗೆಂದೇ ಮಾಡಿದ ಸೌಮ್ಯವಾದದ್ದಿರಲಿ. ಚರ್ಮ ಒಣಗಿದರೆ ಹೊಟ್ಟು ಹೆಚ್ಚುತ್ತದೆ. ನಮ್ಮಲ್ಲಿ ನಾಯಿಗೆ ಮಗಳ ಮಲಗುವ ಕೋಣೆಗೆ ಪ್ರವೇಶವಿಲ್ಲ. ಜಮಖಾನೆ ತೆಗೆದಿಟ್ಟು ನೆಲವನ್ನು ಒದ್ದೆ ಬಟ್ಟೆಯಿಂದಲೇ ಒರೆಸುತ್ತೇವೆ. ಸ್ನಾನ, ಬಾಚುವ ಕೆಲಸ ಮಗಳದ್ದಲ್ಲ, ಅವಳ ತಂದೆಯದ್ದು.

ನಾವು ಮಾಡಿದ ಈ ಆಯ್ಕೆ ನಮ್ಮ ಮಗಳ ವರದಿಗೆ ಹೊಂದುವಂಥದ್ದು. ನಿಮ್ಮ ಮಗುವಿನ ವರದಿಯಲ್ಲಿ ಕ್ಯಾನ್ ಎಫ್ 1 ಎತ್ತರದಲ್ಲಿದ್ದರೆ ಹೆಣ್ಣು ನಾಯಿಯಿಂದಲೂ ತೊಂದರೆಯಾಗುತ್ತದೆ. ಆಗ ವಾರಕ್ಕೆರಡು ಸ್ನಾನ ಸಾಧ್ಯವಾಗುವ ಗಿಡ್ಡ ಕೂದಲಿನ ಸಣ್ಣ ನಾಯಿಯ ಕಡೆ ನೋಡಿ, ಮತ್ತು ಅದೇ ನಾಯಿಯ ಜೊತೆ ಮಗು ಹಲವು ದಿನ ಇದ್ದ ಮೇಲೆಯೇ ಮನೆಗೆ ತನ್ನಿ. ಮರಿಯನ್ನೇ ಕೊಳ್ಳುವುದಾದರೆ 2017ರ ಕೇಂದ್ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂಬುದು ನೆನಪಿರಲಿ, ಮಾರುವವರ ಮನೆಯಲ್ಲಿರುವ ತಾಯಿನಾಯಿಯ ಜೊತೆ ಮೊದಲು ಮಗುವನ್ನು ಕೂರಿಸಿ ನೋಡಿ. ಅದಕ್ಕೆ ಒಪ್ಪದವರಿಂದ ಮರಿ ತರಬೇಡಿ.