30 ಮಿ.ಮೀ. ಹ್ಯಾಂಡಲ್ ರೈಸರ್, ಮಲೆನಾಡಿನ ಮಳೆಯಲ್ಲಿ: ಕೊಳ್ಳುವ ಮೊದಲು ಲಿವರ್ ತಿರುಗಿಸಿ ನೋಡಿ

22 ಮಿ.ಮೀ. ದಪ್ಪದ ಪೈಪ್ ಹ್ಯಾಂಡಲ್ ಇರುವ ಬೈಕುಗಳಿಗೆ ಕೂರುವ 30 ಮಿ.ಮೀ. ಎತ್ತರದ ಅಲ್ಯೂಮಿನಿಯಂ ರೈಸರ್ (ಹ್ಯಾಂಡಲ್ಲನ್ನು ಎತ್ತರಿಸಲು ಅದರ ಅಡಿಗೆ ಕೂರಿಸುವ ತುಂಡು), ಅದರ ಜತೆಗೆ ಬರುವ ನಾಲ್ಕು ಉದ್ದನೆಯ ಎಂ8 ಅಲನ್ ಬೋಲ್ಟು, ಹ್ಯಾಂಡಲ್ಲಿನಿಂದ ಲಿವರ್ ಎಷ್ಟು ದೂರ ಇರಬೇಕೆಂದು ಆರು ಹಂತದಲ್ಲಿ ಬದಲಿಸುವ ಪುಟ್ಟ ಚಕ್ರವಿರುವ ಬ್ರೇಕ್, ಕ್ಲಚ್ಚಿನ ಅಡ್ಜಸ್ಟಬಲ್ ಲಿವರ್ ಜೋಡಿ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ರಸ್ತೆಗಳಲ್ಲಿ ಮಳೆ, ಬೇಸಿಗೆ ಎರಡರಲ್ಲೂ ಓಡಿಸಿದ ಮೇಲೆ ಬರೆದ ವಿಮರ್ಶೆ ಇದು. ರೈಸರ್ ಒಳ್ಳೆಯದೇ. ಆದರೆ ರೈಸರ್ ಹಾಕಿದ್ದರಿಂದ ಕೈ ನೋವು ಹೋಯಿತು ಎನ್ನುವವರಲ್ಲಿ ಬಹಳ ಮಂದಿಗೆ ನಿಜವಾಗಿ ಆರಾಮ ಸಿಕ್ಕಿರುವುದು ಅದೇ ಹೊತ್ತಿಗೆ ಲಿವರ್‌ಗಳ ಕೋನ ಬದಲಾಗಿದ್ದರಿಂದ. ಅದಕ್ಕೆ ಒಂದು ಸ್ಪ್ಯಾನರ್ ಸಾಕು, ದುಡ್ಡು ಬೇಡ. ಅಡ್ಜಸ್ಟಬಲ್ ಲಿವರ್ ಮಾತ್ರ ನಮ್ಮ ಮಳೆಗೆ ಹೇಳಿದ್ದಲ್ಲ.

ಮೊದಲು ನೋವು ಎಲ್ಲಿದೆ ನೋಡಿ. ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟು ಬಾಗಿದ ಸ್ಥಿತಿಯಲ್ಲೇ ಬಹಳ ಹೊತ್ತು ಉಳಿಯುತ್ತಿದೆ. ಈ ಎರಡನೆಯದು ಲಿವರ್‌ನ ತೊಂದರೆ. ಲಿವರ್ ನೆಲಕ್ಕೆ ಸಮಾನಾಂತರವಾಗಿ ನಿಂತಿದ್ದರೆ ಬೆರಳು ಅದರ ಮೇಲಿಡಲು ಪ್ರತಿ ಸಲವೂ ಮಣಿಕಟ್ಟನ್ನು ಹಿಂದಕ್ಕೆ ಮುರಿಯಬೇಕು. ಗಾಜನೂರು, ಮಂಡಗದ್ದೆ ಕಡೆಯ ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವಾಗ ಬೆರಳು ಬ್ರೇಕಿನ ಮೇಲಿಂದ ಏಳುವುದೇ ಇಲ್ಲ, ಮೈಭಾರವೂ ಅಂಗೈಗೆ ಬರುತ್ತದೆ. ಸೋಮೇಶ್ವರ ಮುಟ್ಟುವಷ್ಟರಲ್ಲಿ ಕೈ ಹೇಳಿಬಿಡುತ್ತದೆ. ಭುಜ, ಕತ್ತು, ಸೊಂಟ ನೋಯುತ್ತಿದ್ದರೆ ಮಾತ್ರ ಹ್ಯಾಂಡಲ್ ದೂರವಾಯಿತು ಅಥವಾ ತಗ್ಗಾಯಿತು ಎಂದು ತಿಳಿಯಬಹುದು. ಅಲ್ಲಿ ರೈಸರ್ ಕೆಲಸಕ್ಕೆ ಬರುತ್ತದೆ.

ಲಿವರ್ ಸರಿಮಾಡುವಾಗ ಮಳೆಗಾಲದಲ್ಲಿ ಹಾಕುವ ರೇನ್‌ಕೋಟು, ಗ್ಲೌಸು ಎರಡನ್ನೂ ಹಾಕಿಕೊಂಡು ಕೂರಿ. ಒದ್ದೆ ಗ್ಲೌಸಿನ ದಪ್ಪದಲ್ಲಿ ಬೆರಳು ಲಿವರ್ ಮುಟ್ಟುವ ಅಂದಾಜೇ ಬೇರೆ. ಇನ್ನೊಬ್ಬರಿಗೆ ಬೈಕ್ ನೆಟ್ಟಗೆ ಹಿಡಿಯಲು ಹೇಳಿ, ನೀವು ಓಡಿಸುವ ಭಂಗಿಯಲ್ಲೇ ಕೂತು ಬೆರಳು ಚಾಚಿ. ಮೊಳಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು. ಹೆಚ್ಚಿನವರಿಗೆ ಲಿವರ್ ನೆಲದ ಮಟ್ಟಕ್ಕಿಂತ 25ರಿಂದ 30 ಡಿಗ್ರಿ ಕೆಳಕ್ಕೆ ಬಾಗಿದರೆ ಸರಿಹೋಗುತ್ತದೆ. ಕ್ಲ್ಯಾಂಪಿನ ಬೋಲ್ಟನ್ನು 8 ಅಥವಾ 10ರ ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿದರೆ ಸಾಕು, ಪೂರ್ತಿ ಬಿಚ್ಚುವುದು ಬೇಡ.

ಬ್ರೇಕಿನ ಕಡೆ ಎಚ್ಚರ ಬೇಕು. ಲಿವರ್ ಕೆಳಗಿಳಿದರೆ ಅದರೊಂದಿಗೆ ಬ್ರೇಕ್ ಆಯಿಲ್ ಡಬ್ಬಿಯೂ ಮುಂದಕ್ಕೆ ಬಾಗುತ್ತದೆ. ಆಯಿಲ್ ಕನಿಷ್ಠ ಗೆರೆಯ ಹತ್ತಿರ ಇದ್ದಾಗ ಡಬ್ಬಿ ಹೀಗೆ ಬಾಗಿದರೆ ತಳದ ರಂಧ್ರ ಬಯಲಾಗಿ ಗಾಳಿ ಎಳೆದುಕೊಳ್ಳುತ್ತದೆ, ಲಿವರ್ ಸ್ಪಂಜಿನಂತಾಗುತ್ತದೆ. ಹ್ಯಾಂಡಲ್ ನೇರ ಇರುವಾಗ ಡಬ್ಬಿಯ ಮುಚ್ಚಳ ಹೆಚ್ಚುಕಡಿಮೆ ಸಮತಟ್ಟಾಗಿರಲಿ. ಬಹಳಷ್ಟು ಬೈಕುಗಳ ಕ್ಲ್ಯಾಂಪಿನ ಮೇಲೆ ಬಾಣದ ಗುರುತು ಇರುತ್ತದೆ, ಅದು ಮೇಲ್ಮುಖವಾಗಿರಬೇಕು. ಅಂಥ ಕ್ಲ್ಯಾಂಪಿನಲ್ಲಿ ಮೊದಲು ಮೇಲಿನ ಬೋಲ್ಟು ಪೂರ್ತಿ, ಆಮೇಲೆ ಕೆಳಗಿನದು; ಸಂದು ಕೆಳಗಡೆ ಉಳಿಯುತ್ತದೆ. ಆ ಸಂದು ಮುಚ್ಚಲಿ ಎಂದು ಬಿಗಿದರೆ ಕ್ಲ್ಯಾಂಪ್ ಸೀಳುತ್ತದೆ. ಎಂ6 ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ಕೆಸರಿನಲ್ಲಿ ಬೈಕ್ ಬಿದ್ದರೆ ಕ್ಲ್ಯಾಂಪ್ ಸ್ವಲ್ಪ ತಿರುಗಿಬಿಡುವುದೇ ಒಳ್ಳೆಯದು, ಲಿವರ್ ಮುರಿಯದೆ ಉಳಿಯುತ್ತದೆ. ಕ್ಲಚ್ಚಿನ ಕಡೆ ಪ್ಲಂಬರ್‌ಗಳು ಬಳಸುವ ಟೆಫ್ಲಾನ್ ಟೇಪನ್ನು ಎರಡು ಸುತ್ತು ಹ್ಯಾಂಡಲ್ಲಿಗೆ ಸುತ್ತಿ ಅದರ ಮೇಲೆ ಕ್ಲ್ಯಾಂಪ್ ಕೂರಿಸಿದರೆ ಇದು ಇನ್ನೂ ಚೆನ್ನಾಗಿ ಆಗುತ್ತದೆ.

ಸ್ವಿಚ್ ಡಬ್ಬಿ ಹಾಗೆ ತಿರುಗುವುದಿಲ್ಲ. ಒಳಗೆ ಒಂದು ಸಣ್ಣ ಪಿನ್ ಹ್ಯಾಂಡಲ್ಲಿನ ತೂತಿನಲ್ಲಿ ಕೂತಿರುತ್ತದೆ. ಪಿನ್ ಅರೆದುಹಾಕಿ ಎಂಬ ಸಲಹೆ ಸಲೀಸಾಗಿ ಸಿಗುತ್ತದೆ, ಅದನ್ನು ಕೇಳಬೇಡಿ. ಪಿನ್ ಹೋದರೆ ಎಕ್ಸಲೇಟರ್ ಡಬ್ಬಿಯೇ ಕೈಯೊಂದಿಗೆ ಸುತ್ತತೊಡಗುತ್ತದೆ. ಇಂಡಿಕೇಟರ್ ಬಟನ್ ಹೆಬ್ಬೆರಳಿಗೆ ಸಿಗದಿದ್ದರೆ ಇಡೀ ಹ್ಯಾಂಡಲ್ಲನ್ನೇ ಮಧ್ಯದ ಕ್ಲ್ಯಾಂಪಿನಲ್ಲಿ ಒಂದೆರಡು ಮಿ.ಮೀ. ತಿರುಗಿಸಿ ನೋಡಿ. ಅದಕ್ಕೂ ಮೊದಲು ಹ್ಯಾಂಡಲ್ ಮೇಲೆ ಕುಟ್ಟಿರುವ ಚುಕ್ಕೆ, ಅಂದರೆ ಪಂಚ್ ಗುರುತು, ಎಲ್ಲಿತ್ತೆಂದು ಫೋಟೊ ತೆಗೆದಿಟ್ಟುಕೊಳ್ಳಿ.

ಮಳೆನಾಡಿನವರು ಮರೆಯಬಾರದ ಒಂದು ಸಣ್ಣ ವಿಷಯ ಕ್ಲಚ್ ಕೇಬಲ್ಲಿನದು. ಲಿವರ್ ಬುಡದ ಅಡ್ಜಸ್ಟರಿನಲ್ಲೂ ಅದರ ಲಾಕ್‌ನಟ್ಟಿನಲ್ಲೂ ಕೇಬಲ್ ಹೊರತೆಗೆಯಲು ಉದ್ದಕ್ಕೆ ಒಂದು ಸೀಳು ಇರುತ್ತದೆ. ಎರಡೂ ಸೀಳು ಒಂದೇ ಗೆರೆಯಲ್ಲಿ ಮೇಲ್ಮುಖವಾಗಿ ನಿಂತರೆ ನೀರು ನೇರವಾಗಿ ಕೇಬಲ್ ಒಳಗಿಳಿಯುತ್ತದೆ. ಶ್ರಾವಣ ಮುಗಿಯುವಷ್ಟರಲ್ಲಿ ಕ್ಲಚ್ ಗಟ್ಟಿಯಾಗುತ್ತದೆ, ಜನ ಕ್ಲಚ್ ಪ್ಲೇಟು ಹೋಯಿತೆಂದು ಗ್ಯಾರೇಜಿಗೆ ಒಯ್ಯುತ್ತಾರೆ. ಸೀಳುಗಳನ್ನು ಒಂದಕ್ಕೊಂದು ಕೂಡದಂತೆ, ಕೆಳಮುಖವಾಗಿ ನಿಲ್ಲಿಸಿ, ರಬ್ಬರ್ ಟೋಪಿ ಹರಿದಿದ್ದರೆ ಹೊಸದು ಹಾಕಿ. ಲಿವರ್ ಬುಡದಲ್ಲಿ 2ರಿಂದ 3 ಮಿ.ಮೀ. ಪ್ಲೇ (ಕೆಲಸ ಶುರುವಾಗುವ ಮುಂಚಿನ ಸಡಿಲು) ಇರಲಿ. ಮೇಲಿನ ಅಡ್ಜಸ್ಟರ್ ಕೊನೆಯವರೆಗೂ ಹೊರಬಂದಿದ್ದರೆ ಅದನ್ನು ಒಳಗೆ ತಿರುಗಿಸಿ, ಎಂಜಿನ್ ಕಡೆಯ ಅಡ್ಜಸ್ಟರಿನಲ್ಲಿ ಸರಿಮಾಡಬೇಕು.

ಇಷ್ಟಾದ ಮೇಲೂ ಭುಜ ನೋಯುತ್ತಿದ್ದರೆ ರೈಸರ್. 30 ಮಿ.ಮೀ. ಎಂದು ಪೆಟ್ಟಿಗೆಯ ಮೇಲಿದ್ದರೂ ಹ್ಯಾಂಡಲ್ ನೆಟ್ಟಗೆ 30 ಮಿ.ಮೀ. ಮೇಲೇರುವುದಿಲ್ಲ. ಹ್ಯಾಂಡಲ್ ಕೂರುವ ಟಿ ಹಿಂದಕ್ಕೆ ಓರೆಯಾಗಿರುತ್ತದೆ. ಮುಂದಿನ ಚಕ್ರ ಹಿಡಿದ ಫೋರ್ಕಿನ ಓರೆ 26 ಡಿಗ್ರಿ ಇದ್ದರೆ ಹ್ಯಾಂಡಲ್ ಸುಮಾರು 27 ಮಿ.ಮೀ. ಮೇಲಕ್ಕೂ 13 ಮಿ.ಮೀ. ನಿಮ್ಮ ಕಡೆಗೂ ಬರುತ್ತದೆ. ಕುಳಿತು ಓಡಿಸುವವರಿಗೆ ಆರಾಮ ಕೊಡುವುದರಲ್ಲಿ ಈ 13 ಮಿ.ಮೀ. ಪಾಲು ದೊಡ್ಡದು. ಹಾಗಾಗಿ ಹ್ಯಾಂಡಲ್ಲನ್ನು ಇನ್ನಷ್ಟು ಹಿಂದಕ್ಕೆ ತರುವ ಬಾಗಿದ ರೈಸರ್ ಸರಾಸರಿ ಎತ್ತರದವರಿಗೆ ಬೇಕಾಗುವುದಿಲ್ಲ; ಮೊಣಕೈ ಪಕ್ಕೆಗೆ ಒತ್ತಿ, ತಿರುವಿನಲ್ಲಿ ಹ್ಯಾಂಡಲ್ ಹೊಟ್ಟೆಗೆ ಬರುತ್ತದೆ.

ಕೂರಿಸುವುದು ಕಷ್ಟವಲ್ಲ. ಟ್ಯಾಂಕಿನ ಮೇಲೆ ದಪ್ಪ ಬಟ್ಟೆ ಹಾಸಿ, ಹ್ಯಾಂಡಲ್ಲನ್ನು ಬ್ರೇಕ್ ಹೋಸ್ ಮೇಲೆ ಜೋತುಬೀಳದಂತೆ ಇಡಿ. ಎಂ8 ಬೋಲ್ಟಿಗೆ 6ರ ಅಲನ್ ಕೀ, ಬಿಗಿ 20ರಿಂದ 25 ನ್ಯೂಟನ್ ಮೀಟರ್, ಬೋಲ್ಟು ಸಡಿಲಾಗದಂತೆ ಹಿಡಿಯುವ ನೀಲಿ ಬಣ್ಣದ ಅಂಟು, ಥ್ರೆಡ್ ಲಾಕ್, ಒಂದು ಹನಿ. ಹೊಸ ಬೋಲ್ಟು ಟಿಯೊಳಗೆ ಮೊದಲಿನ ಬೋಲ್ಟು ಹೋಗುತ್ತಿದ್ದಷ್ಟೇ ಆಳಕ್ಕೆ ಹೋಗುತ್ತಿದೆಯೇ ಅಳೆಯಿರಿ. ಮೂರ್ನಾಲ್ಕು ಮರೆಗೆ (ಥ್ರೆಡ್ಡಿಗೆ) ಮಾತ್ರ ಕಚ್ಚಿಕೊಂಡ ಬೋಲ್ಟಿನಲ್ಲಿ ಓಡಿಸಲೇಬಾರದು.

ಅಸಲಿ ಕೆಲಸ ಇರುವುದು ಆಮೇಲೆ. ಎಂಜಿನ್ ಶುರುಮಾಡಿ ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಕೊನೆಮುಟ್ಟ ತಿರುಗಿಸಿ. ಐಡ್ಲಿಂಗ್ ಸದ್ದು ಏರಿದರೆ ಎಕ್ಸಲೇಟರ್ ಕೇಬಲ್ ಎಳೆಯುತ್ತಿದೆ. ಹುಲಿಕಲ್ ಘಾಟಿಯ ತಿರುವಿನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿದಾಗ ಬೈಕ್ ತಾನಾಗಿ ಮುನ್ನುಗ್ಗಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಇದು ಸರಿಯಾಗುವವರೆಗೆ ಗಾಡಿ ರಸ್ತೆಗಿಳಿಸಬೇಡಿ. ಬ್ರೇಕ್ ಹೋಸ್ ಯಾವ ಕಡೆಗೂ ಬಿಗಿಯಾಗಬಾರದು. ವೈರುಗಳ ಕಟ್ಟು ಬಿಗಿಯಾಗಿದ್ದರೆ ಹ್ಯಾಂಡಲ್ ಬುಡದ ಒಂದು ಟೈ ಕತ್ತರಿಸಿ ಸಡಿಲವಾಗಿ ಮತ್ತೆ ಕಟ್ಟಬೇಕು. ಇಲ್ಲದಿದ್ದರೆ ತಿಂಗಳುಗಳ ನಂತರ ಒಳಗಿನ ತಾಮ್ರದ ಎಳೆ ತುಂಡಾಗಿ ಹಾರನ್ನೋ ಸೆಲ್ಫೋ ಸತ್ತುಹೋಗುತ್ತದೆ, ಕಾರಣ ಹುಡುಕುವುದು ಕಷ್ಟ.

ದೀರ್ಘಕಾಲದಲ್ಲಿ ರೈಸರಿನ ಅಲ್ಯೂಮಿನಿಯಂಗೆ ಏನೂ ಆಗುವುದಿಲ್ಲ, ಕಪ್ಪು ಬಣ್ಣ ಸ್ವಲ್ಪ ಮಾಸುತ್ತದೆ ಅಷ್ಟೆ. ಕೆಡುವುದು ಬೋಲ್ಟು. ಜತೆಗೆ ಕೊಡುವ ಕಪ್ಪು ಬೋಲ್ಟು ಮೊದಲ ಮಳೆಗೇ ತುಕ್ಕು ಹಿಡಿಯುತ್ತದೆ. ಅದರ ತಲೆಯ ಗುಳಿಯಲ್ಲಿ ನೀರು, ಕೆಂಪು ಕೆಸರು ನಿಂತು, ಬಿಚ್ಚಲು ಹೋದಾಗ ಅಲನ್ ಕೀ ಜಾರುತ್ತದೆ. ಗುಳಿಗೆ ಗ್ರೀಸ್ ತುಂಬಿಬಿಡಿ, ಉಪಾಯ ಅಷ್ಟೇ. ಬದಲಿಸುವುದಿದ್ದರೆ ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಗಟ್ಟಿತನದ ಗುರುತಿರುವ, ಝಿಂಕ್ ಲೇಪದ ಬೋಲ್ಟನ್ನೇ ಕೇಳಿ ತನ್ನಿ. ಗುರುತೇ ಇಲ್ಲದ ಹೊಳೆಯುವ ಬೋಲ್ಟು ಈ ಜಾಗಕ್ಕೆ ಬೇಡ. ಮೊದಲ ಘಾಟಿ ಓಡಾಟದ ನಂತರ ಬಿಗಿ ಮತ್ತೊಮ್ಮೆ ನೋಡಿ. ಬೋಲ್ಟಿನಿಂದ ಕ್ಲ್ಯಾಂಪಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಸಡಿಲಾದದ್ದು ದೂರದಿಂದಲೇ ಕಾಣುತ್ತದೆ. ಹ್ಯಾಂಡಲ್ ಕ್ಲ್ಯಾಂಪಿನ ಅಡಿಯಲ್ಲಿ ರಬ್ಬರ್ ಬುಶ್ ಇರುವ ಬೈಕುಗಳಲ್ಲಿ ಎತ್ತರ ಹೆಚ್ಚಿದಂತೆ ಹ್ಯಾಂಡಲ್ ಅಲ್ಲಾಡುವುದೂ ಹೆಚ್ಚುತ್ತದೆ. ಬುಶ್ ಹಳೆಯದಾಗಿದ್ದರೆ ರೈಸರಿಗೆ ಮೊದಲು ಅದನ್ನು ಬದಲಿಸಿ. ಹಿಂದೆ ಮೂಟೆ ಕಟ್ಟಿ ಘಾಟಿ ಹತ್ತುವವರು 20 ಮಿ.ಮೀ.ಗೆ ನಿಲ್ಲಿಸುವುದು ಒಳಿತು. ಮೂಟೆಯ ಭಾರಕ್ಕೆ ಮೊದಲೇ ಹಗುರಾಗುವ ಮುಂದಿನ ಚಕ್ರ, ಮೈಭಾರವೂ ಹಿಂದೆ ಸರಿದರೆ ಇನ್ನಷ್ಟು ಹಗುರಾಗುತ್ತದೆ.

ಅಡ್ಜಸ್ಟಬಲ್ ಲಿವರ್‌ಗಳು ಬೇಸಿಗೆಯಲ್ಲಿ ಚೆನ್ನ. ಮಳೆ ಹಿಡಿದ ಮೇಲೆ ಲಿವರಿನ ಪುಟ್ಟ ಚಕ್ರದ ಸ್ಪ್ರಿಂಗಿನೊಳಗೆ ಕೆಸರು ಸೇರಿ ತಿರುಗುವುದೇ ನಿಲ್ಲುತ್ತದೆ, ಪಿವಟ್ ಸವೆದು ತುದಿ ಅಲ್ಲಾಡುತ್ತದೆ. ಅದನ್ನಾದರೂ ಸಹಿಸಬಹುದು. ಬ್ರೇಕ್ ಲಿವರಿನಲ್ಲಿ ಪಿಸ್ಟನ್ ಒತ್ತುವ ಮೂಗು ಮೂಲ ಲಿವರಿನದಕ್ಕಿಂತ ಕೂದಲೆಳೆಯಷ್ಟು ಉದ್ದವಿದ್ದರೂ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಬ್ರೇಕ್ ಸದಾ ಸ್ವಲ್ಪ ಹಿಡಿದೇ ಇರುತ್ತದೆ, ಆಯಿಲ್ ಕಾದು ಹಿಗ್ಗಿದಾಗ ಚಕ್ರವೇ ಕಚ್ಚಬಹುದು. ಲಿವರ್ ಬಿಟ್ಟ ಸ್ಥಿತಿಯಲ್ಲಿ ಮೂಗಿಗೂ ಪಿಸ್ಟನ್ನಿಗೂ ನಡುವೆ ಒಂದಿಷ್ಟು ಪ್ಲೇ ಇರಲೇಬೇಕು. ಓಡಿಸಿ ಬಂದ ಮೇಲೆ ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಸಲೀಸಾಗಿ ಸುತ್ತದಿದ್ದರೆ ಅಂದೇ ಕಂಪನಿ ಲಿವರ್ ವಾಪಸ್ ಹಾಕಿ.

ಕೊನೆಗೆ ಕನ್ನಡಿ. ಲಿವರ್ ತಿರುಗಿಸಿದಾಗ ಅದೇ ಕ್ಲ್ಯಾಂಪಿನಲ್ಲಿರುವ ಕನ್ನಡಿಯೂ ಓರೆಯಾಗುತ್ತದೆ, ಲಾಕ್‌ನಟ್ ಸಡಿಲಿಸಿ ನೆಟ್ಟಗೆ ಮಾಡಬೇಕು. ಯಮಹಾ ಬೈಕುಗಳಲ್ಲಿ ಸಾಮಾನ್ಯವಾಗಿ ಬಲಗಡೆಯ ಕನ್ನಡಿಗೆ ಉಲ್ಟಾ ಮರೆ ಇರುತ್ತದೆ. ಬಿಚ್ಚುವುದಕ್ಕೆಂದು ಎಡಕ್ಕೇ ಬಲ ಹಾಕಿದರೆ ಬಿಗಿಯಾಗುತ್ತಾ ಹೋಗಿ ಕ್ಲ್ಯಾಂಪ್ ಒಡೆಯುತ್ತದೆ, ಆ ಕಡೆ ಕ್ಲ್ಯಾಂಪ್ ಎಂದರೆ ಆಯಿಲ್ ಡಬ್ಬಿ, ಪಿಸ್ಟನ್ ಎಲ್ಲ ಇರುವ ಬ್ರೇಕ್ ಮಾಸ್ಟರ್ ಸಿಲಿಂಡರ್.