ಸತ್ತ ಹೆಂಡತಿಯ ಮಾತು ಬಂದಾಗ: ಆರು ಬಾಂಡ್‌ಗಳಲ್ಲಿ ನನ್ನ ಆಯ್ಕೆ

ನಮ್ಮಪ್ಪನಿಗೆ ಜೇಮ್ಸ್ ಬಾಂಡ್ ಅಂದರೆ ರೋಜರ್ ಮೂರ್. ತಮ್ಮನಿಗೆ ಡೇನಿಯಲ್ ಕ್ರೇಗ್. ಊಟಕ್ಕೆ ಕೂತಾಗ ಈ ವಾದ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಎಲ್ಲವನ್ನೂ ನೋಡದೆ ನಾನು ಯಾರ ಪಕ್ಷ ಹಿಡಿಯಲಿ? ಅದಕ್ಕೇ 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ 25 ಸಿನಿಮಾಗಳನ್ನೂ ಸಾಲಾಗಿ ನೋಡಿದೆ. ಶನಿವಾರ ಒಂದು, ಭಾನುವಾರ ಒಂದು. ಮೂರು ತಿಂಗಳು ಹಿಡಿಯಿತು.

ಶುರುವಿನಲ್ಲಿ ಎಲ್ಲರೂ ನೋಡುವುದನ್ನೇ ನಾನೂ ನೋಡುತ್ತಿದ್ದೆ. ಯಾರ ಹೊಡೆದಾಟ ಜೋರು, ಯಾರಿಗೆ ಸೂಟು ಒಪ್ಪುತ್ತೆ, ಹೀಗೆ. ಆರನೇ ಸಿನಿಮಾ ಬಂದಾಗ ನನ್ನ ಅಳತೆಯೇ ಬದಲಾಯಿತು.

ಅದು 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’. ಜಾರ್ಜ್ ಲೇಜನ್‌ಬಿಯ ಒಂದೇ ಒಂದು ಬಾಂಡ್ ಸಿನಿಮಾ. ಅದಕ್ಕೂ ಮುಂಚೆ ಆತ ಜಾಹೀರಾತಿನ ಮಾಡೆಲ್, ಆಸ್ಟ್ರೇಲಿಯಾದವರು. ಅನುಭವ ಇಲ್ಲದ್ದು ಎದ್ದು ಕಾಣುತ್ತದೆ. ಸಿನಿಮಾದ ನಡುವೆ ಬಾಂಡ್ ವೇಷ ಮರೆಸಿಕೊಂಡಿರುವ ಭಾಗಕ್ಕೆ ಬೇರೆ ನಟನ ದನಿ ಕೊಟ್ಟಿದ್ದಾರೆ. ಆದರೆ ಕೊನೆಯ ಎರಡು ನಿಮಿಷ ನೋಡಿ. ಬಾಂಡ್ ಟ್ರೇಸಿಯನ್ನು ಮದುವೆಯಾಗಿ ಹೊರಟಿದ್ದಾನೆ. ಕಾರಿನ ಮೇಲಿನ ಹೂವು ತೆಗೆಯಲು ರಸ್ತೆ ಬದಿಗೆ ನಿಲ್ಲಿಸುತ್ತಾನೆ. ಪಕ್ಕದಲ್ಲಿ ಹಾದುಹೋದ ಕಾರಿನಿಂದ ಗುಂಡು. ಅವಳು ಕೂತಲ್ಲೇ ಸತ್ತಿದ್ದಾಳೆ. ಬೈಕಿನಲ್ಲಿ ಬಂದ ಪೊಲೀಸಿನವನಿಗೆ ಈತ ಮೆಲ್ಲಗೆ ಹೇಳುತ್ತಾನೆ: ಏನಿಲ್ಲ, ಸ್ವಲ್ಪ ಮಲಗಿದ್ದಾಳೆ, ನಮಗೇನೂ ಅವಸರವಿಲ್ಲ. ಆಮೇಲೆ ಅವಳ ತಲೆಯ ಮೇಲೆ ಬಗ್ಗಿ ಮುಖ ಮುಚ್ಚಿಕೊಳ್ಳುತ್ತಾನೆ. ಮೊದಲ ಟೇಕ್‌ನಲ್ಲಿ ತನಗೆ ಕಣ್ಣೀರು ಬಂತು, ಬಾಂಡ್ ಅಳಬಾರದು ಅಂತ ನಿರ್ದೇಶಕರು ಮತ್ತೆ ತೆಗೆಸಿದರು ಅಂತ ಲೇಜನ್‌ಬಿ ಹೇಳಿಕೊಂಡಿದ್ದಾರೆ. ಅಳು ನುಂಗಿದ ಆ ಮುಖವೇ ನನಗೆ ಜಾಸ್ತಿ ನೋವು ಕೊಟ್ಟಿತು.

ಆವತ್ತಿನಿಂದ ನಾನು ನೋಡಿದ್ದು ಒಂದನ್ನೇ. ಈ ಗಾಯವನ್ನು ಮುಂದೆ ಬಂದವರು ಹೇಗೆ ಹೊತ್ತುಕೊಂಡರು?

ಶಾನ್ ಕಾನರಿ ಹೊರಲೇ ಇಲ್ಲ. 1971ರ ‘ಡೈಮಂಡ್ಸ್ ಆರ್ ಫಾರ್ ಎವರ್’ನಲ್ಲಿ ಅವರು ವಾಪಸ್ ಬಂದು, ಟ್ರೇಸಿಯ ಸಾವಿಗೆ ಕಾರಣನಾದ ಖಳ ಬ್ಲೋಫೆಲ್ಡ್‌ನನ್ನು ಹುಡುಕಿಕೊಂಡು ಹೊರಡುತ್ತಾರೆ. ಹೆಂಡತಿಯ ಹೆಸರು ಒಂದು ಸಲವೂ ಬರುವುದಿಲ್ಲ. ಬಾಂಡ್‌ಗೆ ರೂಪ ಕೊಟ್ಟವರು ಕಾನರಿಯೇ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಸಿನಿಮಾದಲ್ಲಿ ಇಸ್ಪೀಟು ಮೇಜಿನ ಮುಂದೆ ಸಿಗರೇಟು ಹಚ್ಚುತ್ತಾ ಹೆಸರು ಹೇಳುವ ರೀತಿ, ‘ಫ್ರಮ್ ರಷ್ಯಾ ವಿತ್ ಲವ್’ನಲ್ಲಿ ರೈಲಿನ ಇಕ್ಕಟ್ಟು ಡಬ್ಬಿಯೊಳಗಿನ ಹೊಡೆದಾಟ, ಇವತ್ತಿಗೂ ಅವನ್ನು ಮೀರಿಸಿದವರಿಲ್ಲ. ಆದರೆ ನಾನು ಹುಡುಕುತ್ತಿದ್ದದ್ದು ಅಲ್ಲಿ ಸಿಗಲಿಲ್ಲ.

ಇನ್ನು ಅಪ್ಪನ ಮೂರ್. 1973ರಿಂದ 1985ರವರೆಗೆ ಏಳು ಸಿನಿಮಾ. ಕಾನರಿಗಿಂತ ವಯಸ್ಸಿನಲ್ಲಿ ಮೂರು ವರ್ಷ ದೊಡ್ಡವರು. 1983ರ ‘ಆಕ್ಟೋಪಸಿ’ಗೆ ಉದಯಪುರಕ್ಕೇ ಬಂದಿದ್ದರು, ಜೊತೆಗೆ ಕಬೀರ್ ಬೇಡಿ, ವಿಜಯ್ ಅಮೃತರಾಜ್. ಅದನ್ನು ಅಪ್ಪ ಥಿಯೇಟರಿನಲ್ಲಿ ಮೂರು ಸಲ ನೋಡಿದ್ದಾರೆ. ಮೂರ್ ಬರೀ ನಗಿಸುವ ಬಾಂಡ್ ಅಂತ ನಾನು ತಿಳಿದಿದ್ದೆ. ತಪ್ಪು ನನ್ನದು. ‘ದ ಸ್ಪೈ ಹೂ ಲವ್ಡ್ ಮಿ’ಯಲ್ಲಿ ರಷ್ಯಾದ ಗೂಢಚಾರಿಣಿ ಕೈರೋದ ಬಾರಿನಲ್ಲಿ ಬಾಂಡ್‌ನ ಜಾತಕವನ್ನೇ ಒಪ್ಪಿಸುತ್ತಾಳೆ. ಮದುವೆ ಒಂದೇ ಸಲ, ಹೆಂಡತಿಯ ಕೊಲೆ ಅನ್ನುವಷ್ಟರಲ್ಲಿ ಮೂರ್ ಮಾತು ತಡೆಯುತ್ತಾರೆ. ಮುಖದ ನಗು ಆರಿಹೋಗುತ್ತದೆ. 1981ರ ‘ಫಾರ್ ಯುವರ್ ಐಸ್ ಓನ್ಲಿ’ ಶುರುವಾಗುವುದೇ ಹೆಂಡತಿಯ ಸಮಾಧಿಗೆ ಅವರು ಹೂವಿಡುವುದರಿಂದ. ಅಷ್ಟು ಒಳ್ಳೆಯ ಆರಂಭ. ಐದೇ ನಿಮಿಷದಲ್ಲಿ ಗಾಲಿಕುರ್ಚಿ ಸಮೇತ ಬೋಳುತಲೆಯವನನ್ನು ಹೆಲಿಕಾಪ್ಟರಿನಿಂದ ಚಿಮಣಿಯೊಳಗೆ ಬೀಳಿಸುವ ತಮಾಷೆ ಮಾಡಿ ಕೆಡಿಸಿಬಿಟ್ಟರು. ಅದು ಬರೆದವರ ತಪ್ಪು, ಮೂರ್ ಅವರದ್ದಲ್ಲ.

ಟಿಮೊತಿ ಡಾಲ್ಟನ್ ಮಾಡಿದ್ದು ಎರಡೇ, 1987 ಮತ್ತು 1989ರಲ್ಲಿ. ರಂಗಭೂಮಿಯಿಂದ ಬಂದವರು. ಇಯಾನ್ ಫ್ಲೆಮಿಂಗ್ ಬರೆದ ಮೂಲ ಬಾಂಡ್ ಕಾದಂಬರಿಗಳನ್ನು ಓದಿಕೊಂಡು ಪಾತ್ರಕ್ಕೆ ಇಳಿದವರು. 1989ರ ‘ಲೈಸೆನ್ಸ್ ಟು ಕಿಲ್’ನಲ್ಲಿ ಗೆಳೆಯ ಫೀಲಿಕ್ಸ್‌ನ ಮದುವೆ. ಮದುಮಗಳು ಡೆಲ್ಲಾ ತನ್ನ ಕಾಲಿನ ಪಟ್ಟಿ ತೆಗೆದು ಬಾಂಡ್ ಕಡೆ ಎಸೆಯುತ್ತಾಳೆ. ಅದು ಸಿಕ್ಕಿದವರದ್ದೇ ಮುಂದಿನ ಮದುವೆ ಅನ್ನೋದು ಅವರ ಪದ್ಧತಿ. ಅದನ್ನು ಹಿಡಿದ ಡಾಲ್ಟನ್ ಮುಖ ನೋಡಿ. ತುಟಿಯ ಮೇಲೆ ನಗು ಇನ್ನೂ ಇದೆ, ಕಣ್ಣು ಮಾತ್ರ ಎಲ್ಲಿಗೋ ಹೋಗಿಬಿಟ್ಟಿದೆ. ನಾನಿನ್ನು ಹೊರಟೆ ಅಂತ ಹೇಳಿ ಎದ್ದು ನಡೆಯುತ್ತಾರೆ. ನಾನೇನಾದರೂ ತಪ್ಪು ಮಾತಾಡಿದೆನಾ ಅಂತ ಅವಳಿಗೆ ಗಾಬರಿ. ಅವನಿಗೂ ಒಂದು ಸಲ ಮದುವೆಯಾಗಿತ್ತು, ತುಂಬ ಹಿಂದೆ ಅನ್ನುತ್ತಾನೆ ಫೀಲಿಕ್ಸ್. ಟ್ರೇಸಿಯ ಹೆಸರೇ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ, ಬೇರೊಬ್ಬ ನಟನ ಮಡಿಲಲ್ಲಿ ಸತ್ತ ಹೆಂಡತಿ. ಡಾಲ್ಟನ್ ತಮ್ಮ ಕೈಯಲ್ಲೇ ಅವಳನ್ನು ಕಳಕೊಂಡಂತೆ ಎದ್ದು ಹೋದರು. ಅದೇ ರಾತ್ರಿ ಡೆಲ್ಲಾಳ ಕೊಲೆಯಾದಾಗ ಬಾಂಡ್ ಯಾಕೆ ಸರ್ಕಾರಿ ಕೆಲಸವನ್ನೇ ಬಿಟ್ಟು ಸೇಡಿಗೆ ಇಳಿದ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪಿಯರ್ಸ್ ಬ್ರಾಸ್ನನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೋಡಲು ಬಲು ಚೆಂದ, ‘ಗೋಲ್ಡನ್ಐ’ ಒಳ್ಳೆಯ ಸಿನಿಮಾ. ನಿಮ್ಮವರನ್ನು ಯಾರನ್ನಾದರೂ ಕಳಕೊಂಡಿದ್ದೀರಾ ಅಂತ 1999ರ ಸಿನಿಮಾದಲ್ಲಿ ಎಲೆಕ್ಟ್ರಾ ಕೇಳುತ್ತಾಳೆ. ಅವರು ಉತ್ತರ ಕೊಡದೆ ಮಾತು ತಿರುಗಿಸುತ್ತಾರೆ. ನಿಜ ಜೀವನದಲ್ಲಿ ಬ್ರಾಸ್ನನ್ 1991ರಲ್ಲಿ ಹೆಂಡತಿಯನ್ನು ಕಳಕೊಂಡವರು. ಅದು ಗೊತ್ತಿದ್ದು ನೋಡಿದಾಗ ಆ ಮೌನ ಎದೆಗೆ ತಾಗಿತು.

ಕ್ರೇಗ್ ಕಥೆಯೇ ಬೇರೆ. 2006ರ ‘ಕಸಿನೋ ರಾಯಲ್’ನಿಂದ ಎಲ್ಲ ಹೊಸದಾಗಿ ಶುರು. ಅಲ್ಲಿ ಟ್ರೇಸಿ ಇಲ್ಲ, ಬಾಂಡ್ ಪ್ರೀತಿಸುವ ವೆಸ್ಪರ್ ಇದ್ದಾಳೆ. ಕೊಲೆ ನೋಡಿ ನಡುಗುತ್ತಾ ಶವರ್ ಕೆಳಗೆ ಬಟ್ಟೆ ಸಮೇತ ಕೂತ ಅವಳ ಪಕ್ಕ, ತಾನೂ ಶರ್ಟು ನೆನೆಸಿಕೊಂಡು ಸುಮ್ನೆ ಕೂರುತ್ತಾರಲ್ಲ, ಆ ದೃಶ್ಯ ನನಗೆ ಪ್ರಾಣ. ಆದರೆ ಅವಳು ಸತ್ತ ಮೇಲೆ ಅದೇ ದುಃಖವನ್ನು ಇನ್ನೂ ನಾಲ್ಕು ಸಿನಿಮಾ ಎಳೆದರು. ಅವರ ಮುಖ ಯಾವಾಗ ನೋಡಿದರೂ ಗಾಯವನ್ನೇ ತೋರಿಸುತ್ತಿರುತ್ತದೆ. ಬಚ್ಚಿಟ್ಟ ಗಾಯ ಒಂದು ಕ್ಷಣ ಕಂಡು ಮರೆಯಾದರೆ ಆಗುವ ಸಂಕಟವೇ ಬೇರೆ, ಅಲ್ವಾ?

ನಮ್ಮ ಕನ್ನಡದ ಬಾಂಡ್ ಸಿಐಡಿ 999 ವಿಷಯದಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. 1968ರ ‘ಜೇಡರ ಬಲೆ’ಯಿಂದ 1978ರವರೆಗೆ ಆ ಗೂಢಚಾರಿ ನಾಲ್ಕು ಸಿನಿಮಾದಲ್ಲಿ ಬಂದ. ನಾಲ್ಕರಲ್ಲೂ ರಾಜಕುಮಾರ್ ಅವರೇ. ಒಂದು ಪಾತ್ರದ ನೆನಪು ಒಬ್ಬ ನಟನಿಂದ ಇನ್ನೊಬ್ಬನಿಗೆ ದಾಟಬೇಕಾಗಿಯೇ ಬರಲಿಲ್ಲ.

ನನ್ನ ಮಟ್ಟಿಗೆ ಡಾಲ್ಟನ್. ಆಮೇಲೆ ಕ್ರೇಗ್, ಆಮೇಲೆ ಮೂರ್. 25 ನೋಡಲು ನಿಮಗೆ ಪುರಸೊತ್ತಿಲ್ಲದಿದ್ದರೆ ಎರಡೇ ನೋಡಿ, 1969ರದ್ದು ಮೊದಲು, 1989ರದ್ದು ಆಮೇಲೆ, ಒಂದೇ ದಿನ. ಕಳೆದ ಭಾನುವಾರ ಅಪ್ಪನಿಗೆ ಹಾಗೇ ತೋರಿಸಿದೆ. ಫೀಲಿಕ್ಸ್‌ನ ಮದುವೆ ದೃಶ್ಯ ಮುಗಿದಾಗ ಅವರು ಮೂರ್ ಮಾತೆತ್ತಲಿಲ್ಲ. “ಸ್ವಲ್ಪ ಹಿಂದಕ್ಕೆ ಹಾಕು, ಇನ್ನೊಂದು ಸಲ ನೋಡ್ತೀನಿ” ಅಂದರು.