ಸಪಾಟು ನೆಲಕ್ಕೂ ನಕ್ಷೆ ಬೇಕೇ?

ಪಶ್ಚಿಮ ಕನ್ಸಾಸ್‌ನ ಗೋಧಿ ಹೊಲಗಳಲ್ಲಿ ಮಣ್ಣಿನ ಮಾದರಿ ಎತ್ತುವುದು ನನ್ನ ಕೆಲಸ. ಕಣ್ಣಿಗೆ ಈ ನೆಲ ರೊಟ್ಟಿ ಹಂಚಿನಷ್ಟು ಸಪಾಟು. ಮಳೆನೀರು ಮಾತ್ರ ತಗ್ಗು ಹುಡುಕಿಕೊಂಡೇ ಹೋಗುತ್ತದೆ.

ಹಾಗಾಗಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ 1:24,000 ನಕ್ಷೆ ಸದಾ ಜೊತೆಗಿರುತ್ತದೆ. ಪುಕ್ಕಟೆ ಇಳಿಸಿಕೊಳ್ಳಬಹುದು, ಒಂದು ಇಂಚಿಗೆ 2,000 ಅಡಿ ನೆಲ. ಹೊಸ ಆವೃತ್ತಿಗಿಂತ ನನಗೆ ಪ್ರೀತಿ ಹಳೆಯ ಹಾಳೆಗಳ ಸ್ಕ್ಯಾನ್ ಪ್ರತಿಗಳ ಮೇಲೆ. 640 ಎಕರೆಯ ಸೆಕ್ಷನ್‌ಗಳ (ಭೂಮಾಪನದ ಚೌಕಗಳ) ಕೆಂಪು ಗೆರೆ, ಒಂಟಿ ಗಾಳಿಯಂತ್ರ, ಎಲ್ಲ ಅದರಲ್ಲಿವೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಸಮೋನ್ನತ ರೇಖೆ ಬಳೆಯಂತೆ ಸುತ್ತಿ, ಒಳಮುಖವಾಗಿ ಪುಟ್ಟ ಹಲ್ಲು ತೋರಿಸಿದರೆ ಅಲ್ಲಿ ತಗ್ಗಿದೆ ಎಂದರ್ಥ. ಇಲ್ಲಿ ಬಹಳ ಸಲ ಅದು ಪ್ಲಾಯಾ: ಮಳೆಗೆ ಕೆರೆ, ಬಿಸಿಲಿಗೆ ಬಿರುಕು ಜೇಡಿ. ಒಗಲಾಲಾ ಅಂತರ್ಜಲಕ್ಕೆ ನೀರಿಳಿಯುವ ದಾರಿಯೂ ಹೌದು.

ಆದರೆ ರೇಖೆಗಳ ನಡುವೆ 10 ಅಡಿ ಎತ್ತರದ ಅಂತರವಿದ್ದರೆ ನಾಲ್ಕಡಿ ತಗ್ಗು ಕಾಣದೆ ಹೋಗಬಹುದು. ನನ್ನ ಪಿಕಪ್ ಹೂತಿದ್ದು ಅಂಥದ್ದರಲ್ಲೇ. ತಪ್ಪು ನನ್ನದು, ಕೆಳಗಿಳಿದು ನೋಡಬೇಕಿತ್ತು. ಈಗ ಒಂದು ಮೀಟರ್ ಲೈಡಾರ್ ಮಾಹಿತಿಯನ್ನೂ, ಅಂದರೆ ಲೇಸರ್‌ನಿಂದ ಅಳೆದ ನೆಲದ ಎತ್ತರವನ್ನೂ, ಇಳಿಸಿಕೊಳ್ಳುತ್ತೇನೆ. ಅದೂ ಪುಕ್ಕಟೆ, ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ ಅಷ್ಟೇ.

ನಕ್ಷೆಗೆ ನನ್ನ ಅಂಕ: ಐದಕ್ಕೆ ನಾಲ್ಕೂವರೆ.